ಕಿರಿಯನ ಮೊದಲ ಮಾತು

ನಿನ್ನೆ ಮಧ್ಯಾಹ್ನ ಬೆಳಗಾವಿಯ ಕಡೆಯ ಗೃಹಸ್ಥರೊಬ್ಬರು ನನ್ನ ಬಾಗಿಲಿಗೆ ಬಂದು, ವೃತ್ತಪತ್ರಿಕೆಯ ತುಂಡಿನಲ್ಲಿ ಕಟ್ಟಿದ ಸಣ್ಣ ಪೊಟ್ಟಣವೊಂದನ್ನು ಕೈಗಿತ್ತು, ನಿಂತ ಕಾಲಿನಲ್ಲೇ ಎರಡು ಮಾತನಾಡಿ ಹೊರಟುಹೋದರು. ಜೇಜುರಿಯಿಂದ ಮರಳುತ್ತಿದ್ದವರು, ಊರಿನ ಗಾಡಿಗೆ ಹೊತ್ತಾಗಿತ್ತು. ಅವರಾಡಿದ ಆ ಎರಡು ಮಾತುಗಳನ್ನು ಕೊನೆಯಲ್ಲಿ ಬರೆಯುತ್ತೇನೆ. ಯಾವುದನ್ನೂ ಅದರ ಸ್ಥಾನದಿಂದ ಕದಲಿಸಬಾರದೆಂಬುದು ನನ್ನ ಹಳೆಯ ಅಭ್ಯಾಸ.

ಪೊಟ್ಟಣವನ್ನು ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಅರಿಸಿನದ ಕಟುವಾದ ಕಂಪು, ಅದರ ಹಿಂದೆಯೇ ಒಣಕೊಬ್ಬರಿಯ ಜಿಡ್ಡು ವಾಸನೆ... ಖಂಡೋಬನ ಗುಡಿಯಲ್ಲಿ ಭಕ್ತರು ಮುಗಿಲಿಗೆ ತೂರುವ ಭಂಡಾರ. ಕಾಗದದ ಸಂದಿಯಿಂದ ಸೋರಿ ಹೆಬ್ಬೆರಳಿಗೆ ಹತ್ತಿದ ಹಳದಿ ತೊಳೆದರೂ ಹೋಗಲಿಲ್ಲ. ಆ ಬೆರಳನ್ನು ನೋಡುತ್ತ ಕುಳಿತಾಗ, ಪುಣೆಯ ಕಸಬಾ ಪೇಟೆಯಲ್ಲಿ, ಹಲವು ಬಿಡಾರಗಳಿದ್ದ ನಮ್ಮ ಹಳೆಯ ವಾಡೆಯ ಕೆಳಮನೆಯಲ್ಲಿದ್ದ ಸುಬೇದಾರರು ನೆನಪಾದರು. ಅವರ ನೆನಪು ಬಂದಾಗಲೆಲ್ಲ ಒಂದು ಬಗೆಯ ಆಯಾಸವೂ ಜೊತೆಗೇ ಬರುತ್ತದೆ. ಬಹಳ ಹೊತ್ತು ನಿಂತಿದ್ದವರನ್ನು ನೋಡಿ ನಮ್ಮ ಕಾಲೇ ನೋಯುವಂತಹ ಆಯಾಸ ಅದು.

ನಾನು ಆಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ಈಗ ಕಲಿಸುತ್ತಿಲ್ಲ, ನನ್ನ ಗಂಟಲು ಸೋತಿದೆ, ಕೇಳುವವರ ಕಿವಿಯೂ ಸೋತಿದೆಯೆಂದು ತೋರುತ್ತದೆ. ನಮ್ಮ ವಾಡೆಯಲ್ಲಿ ಧಾರವಾಡ, ಬೆಳಗಾವಿಗಳ ಕಡೆಯಿಂದ ಬಂದ ಕೆಲವು ಕನ್ನಡ ಮನೆಗಳಿದ್ದವು. ಹೊರಗೆ ಕಾಲಿಟ್ಟೊಡನೆ ಮರಾಠಿ. ಒಳಗೆ ಬಂದು ಚಪ್ಪಲಿ ಬಿಟ್ಟೊಡನೆ ಕನ್ನಡ. ಸುಬೇದಾರರು ಮಾತ್ರ ಎರಡರಲ್ಲಿಯೂ ಅಷ್ಟಾಗಿ ಮಾತನಾಡುತ್ತಿರಲಿಲ್ಲ. ಬೆಳಿಗ್ಗೆ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು, ಇನ್ನೆಂದೂ ಕಟ್ಟಿಕೊಳ್ಳಲಾರದ ತಮ್ಮ ಪಲ್ಟನ್ನಿನ ಪಟ್ಟಿಯ ಹಿತ್ತಾಳೆಯ ಕೊಂಡಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದರು. ನಾನು ಶಾಲೆಗೆ ಹೊರಟಾಗ ತಲೆಯೆತ್ತಿ, "ಅಕ್ಕೋರ, ನಿಮ್ಮ ಪಲ್ಟಣ ಕಾಯಾಕತ್ತದ, ನಡೀರಿ," ಎನ್ನುತ್ತಿದ್ದರು. ಅಷ್ಟೇ. ಅದು ಅವರ ಆ ದಿನದ ಹಾಸ್ಯ.

ಅವರ ಹೆಂಡತಿಯನ್ನು ವಾಡೆಯವರೆಲ್ಲ ಮರಾಠಿಯ ರೂಢಿಯಂತೆ ಕಾಕು, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಎತ್ತರದ ಹೆಂಗಸು, ಹಣೆಯ ಮೇಲೆ ಸದಾ ಭಂಡಾರದ ಅಡ್ಡಗೆರೆ. ಅವರ ತವರಿನ ಮನೆದೇವರು ಖಂಡೋಬ. ಗಂಡನ ಪಾಲಿನ ಮಾತನ್ನೂ ತಾವೇ ಆಡಬೇಕೆಂಬಂತೆ ಮಾತನಾಡುತ್ತಿದ್ದರು. "ಲಡಾಯಿಗೆ ಹೋಗೂ ಮೊದಲ ಇವರು ಛಂದ ಮಾತಾಡ್ತಿದ್ರು ಅಕ್ಕೋರ. ಅರ್ಧಾ ಮಾತು ಆ ಬಸರಾ ಊರಾಗ ಬಿಟ್ಟು ಬಂದಾರ. ಸರಕಾರದವ್ರು ಪೆನ್ಶನ್ ಕೊಟ್ರು, ಮಾತು ತಿರುಗಿ ಕೊಡ್ಲಿಲ್ಲ," ಎಂದು ಒಮ್ಮೆ ಗಂಡನ ಎದುರಿಗೇ ಹೇಳಿದ್ದರು. ಸುಬೇದಾರರು ಕೊಂಡಿ ತಿಕ್ಕುತ್ತಲೇ ಇದ್ದರು.

ಅರಬರ ನಾಡಿನ ಆ ಬಸರಾದಲ್ಲಿ ಉಳಿದದ್ದು ಮಾತೊಂದೇ ಆಗಿರಲಿಲ್ಲ. ಅದನ್ನು ಕಾಕುವೇ ನನಗೆ ಹೇಳಿದ್ದರು, ಅಕ್ಕಿ ಆರಿಸುತ್ತ, ತಲೆಯೆತ್ತದೆ. ಅವರ ಚಿಕ್ಕಪ್ಪನ ಮಗನೊಬ್ಬ ಮೊದಲ ಮಹಾಯುದ್ಧದಲ್ಲಿ ಸುಬೇದಾರರ ಪಲ್ಟನ್ನಿನಲ್ಲಿಯೇ ಸಿಪಾಯಿಯಾಗಿದ್ದ. ತಾಯಿಯಿಲ್ಲದ ಕೂಸು, ಕಾಕು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಭಾವನ ಹಿಂದೆಯೇ ಹಟ ಮಾಡಿ ಸೈನ್ಯ ಸೇರಿದ್ದನಂತೆ. ನದಿಯ ದಂಡೆಯಲ್ಲಿ ಕಾವಲಿಗಿದ್ದಾಗ, ಕತ್ತಲೆಯಲ್ಲಿ ಯಾರೋ ಗಾಯಾಳು ನೀರಿಗಾಗಿ ಒರಲುವುದನ್ನು ಕೇಳಿ, ಕಾವಲು ಬಿಟ್ಟು ನೀರು ಕೊಡಲು ಹೋದ. ಆ ಸಂದಿನಲ್ಲಿಯೇ ಶತ್ರುಗಳು ನುಗ್ಗಿದರು, ಅನೇಕರು ಸತ್ತರು. ಅವನನ್ನು ಕೋರ್ಟ್ ಮಾರ್ಷಲ್ ಮುಂದೆ ನಿಲ್ಲಿಸಿದರು. ಐವರ ಆ ನ್ಯಾಯಸಭೆಯಲ್ಲಿ, ಆಗಿನ್ನೂ ಕೆಳಗಿನ ಜಮಾದಾರ ಹುದ್ದೆಯಲ್ಲಿದ್ದ ನಮ್ಮ ಸುಬೇದಾರರೂ ಒಬ್ಬರಾಗಿ ಕುಳಿತಿದ್ದರು. ಈ ಸಭಾಸದರಲ್ಲಿ ಯಾರ ವಿಷಯದಲ್ಲಾದರೂ ಆಕ್ಷೇಪವಿದೆಯೇ ಎಂದು ಪದ್ಧತಿಯಂತೆ ಆ ಹುಡುಗನನ್ನು ಕೇಳಿದಾಗ, ಅವನು ಭಾವನ ಮುಖವನ್ನು ನೋಡಿ, ಇಲ್ಲವೆಂದನಂತೆ. ಮಾರನೆಯ ದಿನ ಅವನ ಪಲ್ಟನ್ನಿನವರೇ ಅವನನ್ನು ಗುಂಡಿಟ್ಟು ಕೊಂದರು.

"ಊರಾಗ ಎಲ್ಲಾರೂ ಇವರನ್ನ ಬೈದ್ರು. ನಾ ಹೇಳಿದೆ, ದೊಡ್ಡ ದೊಡ್ಡ ಸಾಹೇಬ್ರು ಮೊದಲ ಹೇಳಿ ಮುಗಿಸಿರ್ತಾರ, ಇವರು ಎಲ್ಲಾರಕಿಂತ ಸಣ್ಣವರು, ಕಡೀಕ ಹೂಂ ಅನ್ನದ ಏನ್ ಮಾಡ್ತಾರ? ದೊಡ್ಡವರ ಬಾಯಿ ಮುಂದ ಸಣ್ಣವರ ಬಾಯಿ ನಡೀತದೇನ್ರಿ?" ಎಂದರು ಕಾಕು. ಆ ಸಮಾಧಾನವೊಂದನ್ನೇ ನೆಮ್ಮಿ ಅವರು ಅಷ್ಟು ವರ್ಷ ಆ ಮನುಷ್ಯನಿಗೆ ಅನ್ನ ಬಡಿಸುತ್ತ ಬಂದಿದ್ದರು. ಅದೊಂದು ಊರುಗೋಲು, ಯಾರೂ ಕಸಿದುಕೊಳ್ಳದಿದ್ದರೆ ಕೊನೆಯವರೆಗೂ ನಡೆಸುತ್ತಿತ್ತು.

ಆ ಊರುಗೋಲನ್ನು ಕಸಿದುಕೊಂಡದ್ದು ಒಂದು ನಾಟಕ.

ಪುಣೆಯ ಕನ್ನಡಿಗರದೊಂದು ಹವ್ಯಾಸಿ ಮಂಡಳಿಯಿತ್ತು. ಶ್ರಾವಣದ ಸುಮಾರಿಗೆ ಒಂದು ನಾಟಕವಾಡುವುದು ಅದರ ಪದ್ಧತಿ. ಆ ವರ್ಷ ಲಷ್ಕರದ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ನಾಟಕಕಾರರು ಸೈನಿಕ ನ್ಯಾಯಸಭೆಯನ್ನು ಕುರಿತು ಹೊಸ ನಾಟಕ ಬರೆದಿದ್ದರು. ಸರಕಾರದ ಕಣ್ಣು ತಪ್ಪಿಸಲು ಕಥೆಯನ್ನು ಹೆಸರಿಲ್ಲದ ಹಳೆಯ ರಾಜ್ಯವೊಂದಕ್ಕೆ ಒಯ್ದಿದ್ದರು. ಮುತ್ತಿಗೆಯ ಹೊತ್ತಿನಲ್ಲಿ ಊರಿನ ಜನರನ್ನು ಒಳಗೆ ಬಿಡಲು ಕೋಟೆಯ ಬಾಗಿಲು ತೆರೆದ ಕಿಲ್ಲೇದಾರನೊಬ್ಬನ ವಿಚಾರಣೆ. ಪಡೆಯ ಮಾನ ದೊಡ್ಡದೋ, ಮನುಷ್ಯನ ಜೀವ ದೊಡ್ಡದೋ ಎಂಬುದು ಪ್ರಶ್ನೆ. ತಾಲೀಮು ನಮ್ಮ ವಾಡೆಯ ದೊಡ್ಡ ಪಡಸಾಲೆಯಲ್ಲಿಯೇ ನಡೆಯುತ್ತಿತ್ತು. ನಟರ ಉಚ್ಚಾರವನ್ನು ತಿದ್ದುವುದು ನನ್ನ ಹೊಣೆ.

ನ್ಯಾಯಸಭೆಯ ರೀತಿ ನೀತಿಗಳನ್ನು ತಿಳಿಯಲು ನಾಟಕಕಾರರು ಸುಬೇದಾರರನ್ನು ಕೇಳಿದರು. ಸುಬೇದಾರರು ಕೇಳಿದಷ್ಟಕ್ಕೆ ಉತ್ತರ ಕೊಟ್ಟರು. ಆರೋಪಿಯನ್ನು ಪೇಟ, ನಡುಪಟ್ಟಿ ತೆಗೆಸಿ ಒಳಗೆ ತರಬೇಕು. ಯಾರು ತಪ್ಪಿತಸ್ಥನೆಂದರು, ಯಾರು ಅಲ್ಲವೆಂದರು ಎಂಬುದನ್ನು ಯಾವ ಕಾಲಕ್ಕೂ ಯಾವ ಕಾರಣಕ್ಕೂ ಹೊರಗೆ ಹೇಳುವುದಿಲ್ಲವೆಂದು ಕುಳಿತವರೆಲ್ಲರೂ ಮೊದಲೇ ಆಣೆ ಮಾಡಬೇಕು. "ಸತ್ತ ಮ್ಯಾಲೂ?" ಎಂದು ನಾಟಕಕಾರರು ನಗುತ್ತ ಕೇಳಿದರು. "ಸತ್ತ ಮ್ಯಾಲೆ ಕೇಳವ್ರು ಯಾರು?" ಎಂದರು ಸುಬೇದಾರರು.

ಅವರಿಗೆ ನಗು ಬಾರದೆ ಇರಲಿಲ್ಲ. ನ್ಯಾಯಸಭೆಯ ಅಧ್ಯಕ್ಷನ ಪಾತ್ರಧಾರಿಯು ಎದೆಯುಬ್ಬಿಸಿ, 'ಪಡೆಯು ಅನ್ನವಿಲ್ಲದೆ ನಡೆದೀತು, ಮಾನವಿಲ್ಲದೆ ನಡೆಯಲಾರದು' ಎಂದು ಗರ್ಜಿಸಿದಾಗ, ಮೆಟ್ಟಿಲ ಮೇಲಿಂದ ಮೆಲ್ಲನೆ, "ಅನ್ನ ಇಲ್ಲದ ನಡದಾಂವ ಒಬ್ಬನ್ನರೆ ನನಗ ತೋರಸ್ರಿ," ಎಂಬ ಮಾತು ಕೇಳಿಬಂದಿತು. ಆ ದಿನದ ತಾಲೀಮು ನಗುವಿನಲ್ಲಿಯೇ ಮುಗಿಯಿತು.

ಮಾರನೆಯ ಸಂಜೆ ತೀರ್ಪಿನ ದೃಶ್ಯ. ಬಾಗಿಲು ಮುಚ್ಚಿಕೊಂಡು ಐವರೂ ಅಭಿಪ್ರಾಯ ಹೇಳುವ ಭಾಗ. ನಾಟಕಕಾರರು ಬರೆದಂತೆ ಅಧ್ಯಕ್ಷನು ಎದ್ದು ಮೊದಲು ಅಪರಾಧಿಯೆಂದನು. ಉಳಿದವರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಮೆಟ್ಟಿಲ ಮೇಲೆ ಕೊಂಡಿ ತಿಕ್ಕುತ್ತಿದ್ದ ಸದ್ದು ನಿಂತಿತು. ಸುಬೇದಾರರು ತಲೆಯನ್ನೂ ತಿರುಗಿಸದೆ ಹೇಳಿದರು:

"ಅದು ತಪ್ಪು. ಸಣ್ಣಾಂವ ಮೊದಲ ಹೇಳತಾನ."

"ಅಂದ್ರ?"

"ಎಲ್ಲಾರಕಿಂತ ಕೆಳಗಿನ ಹುದ್ದೇದಾಂವ ಮೊದಲ ಹೇಳಬೇಕು. ಆಮ್ಯಾಲೆ ಅವನ ಮ್ಯಾಲಿನಾಂವ. ದೊಡ್ಡ ಸಾಹೇಬರದು ಕಡೀಕ. ಇಲ್ಲಂದ್ರ ಸಣ್ಣಾಂವ ದೊಡ್ಡವರ ಮಾರಿ ನೋಡಿ ಹೇಳತಾನ. ನ್ಯಾಯ ಆಗೂದಿಲ್ಲ."

ನಾಟಕಕಾರರು ಹಿಗ್ಗಿಹೋದರು. ಇಡೀ ದೃಶ್ಯವೇ ಜೀವ ತಳೆಯಿತೆಂದು ಅಲ್ಲಿಯೇ ಪೆನ್ಸಿಲು ಹಿಡಿದು ತಿದ್ದತೊಡಗಿದರು. ಅಷ್ಟರವರೆಗೆ ಕೆಳಮನೆಯ ಅಡುಗೆಮನೆಯಿಂದ ಕಾಕು ಶೇಂಗಾ ಚಟ್ನಿ ಕುಟ್ಟುವ ಸದ್ದು ಬರುತ್ತಲೇ ಇತ್ತು. ಅದು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ನಿಂತಿದೆಯೆಂದು ತಿಳಿದಾಗ ಕಾಕು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒನಕೆಯನ್ನು ಹಿಡಿದುಕೊಂಡೇ.

"ಹಂಗಾರ ಅಲ್ಲೆ ನೀವ ಮೊದಲ ಹೇಳಿದ್ರಿ," ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ಸುಬೇದಾರರು ಹೆಂಡತಿಯ ಮುಖವನ್ನು ನೋಡಿದರು. ತಾವು ಏನನ್ನು ತಿದ್ದಿದೆವೆಂಬುದು ಅವರಿಗೆ ಆಗ ಹೊಳೆದಿರಬೇಕು... ಒಂದು ಪದ್ಧತಿ ತಪ್ಪಿಹೋಗುತ್ತಿದೆಯೆಂಬುದೊಂದೇ ಅವರ ಕಿವಿಗೆ ಬಿದ್ದಿತ್ತು. ಅದನ್ನು ತಿದ್ದದೆ ಇರುವುದು ಅವರಿಂದಾಗದ ಕೆಲಸ. ಅಂತಹ ಕಿವಿಯ ಕಷ್ಟ ನನಗೂ ಗೊತ್ತು. ಅವರು ಕೊಂಡಿಯನ್ನು ಬಟ್ಟೆಯಲ್ಲಿ ಸುತ್ತಿ, ಎದ್ದು ಒಳಗೆ ಹೋದರು. ಆ ಮನೆಯಲ್ಲಿ ಆ ಸಂಜೆ ಮತ್ತೆ ಒನಕೆಯ ಸದ್ದು ಕೇಳಲಿಲ್ಲ.

ಇಷ್ಟಾದ ಮೇಲೆ ಅವರು ನಾಟಕದಿಂದ ದೂರವಿರಬಹುದಿತ್ತು. ಆದರೆ ಕಿರಿಯ ಸಭಾಸದನ ಪಾತ್ರವನ್ನು ಯಾರು ಮಾಡಿದರೂ ನಾಟಕಕಾರರಿಗೆ ಒಪ್ಪಿಗೆಯಾಗಲಿಲ್ಲ. ವಯಸ್ಸಿನಲ್ಲಿ ಹಿರಿಯ, ಹುದ್ದೆಯಲ್ಲಿ ಮಾತ್ರ ಕಿರಿಯನೆಂದು ತಿದ್ದಿ, ನೀವೇ ಮಾಡಬೇಕೆಂದು ಸುಬೇದಾರರ ಬೆನ್ನು ಹತ್ತಿದರು. ಒಂದೇ ಒಂದು ಪದದ ಪಾತ್ರ: ಅಪರಾಧಿ. ಅವರೇಕೆ ಒಪ್ಪಿದರೋ ನಾನು ಕೇಳಲಿಲ್ಲ. ನಾನು ಮಾಡಿದ್ದು ನನ್ನ ಕೆಲಸ. ಅವರ ಬಾಯಲ್ಲಿ 'ಅಪರಾದಿ' ಎಂದಿದ್ದುದನ್ನು ತಿದ್ದಿ, ಆ ಮಹಾಪ್ರಾಣವನ್ನು ಹೊಟ್ಟೆಯಿಂದ ಎತ್ತಿಸಿದೆ. "ಅಕ್ಕೋರ, ನಿಮ್ಮಕಿಂತ ನಮ್ಮ ಡ್ರಿಲ್ ಹವಾಲ್ದಾರ ಭಾಳ ದಯಾಳು ಇದ್ದ," ಎಂದು ಅವರು ದಣಿದು ನಕ್ಕರು.

ಮೊದಲ ಪ್ರಯೋಗಕ್ಕೆ ವಾಡೆಯ ಹೆಂಗಸರೆಲ್ಲ ಹೋಗಿದ್ದರು, ಕಾಕುವೂ ಬಂದಿದ್ದರು. ತೀರ್ಪಿನ ದೃಶ್ಯದಲ್ಲಿ ಸುಬೇದಾರರು ಎದ್ದು ನಿಂತು, ಎದುರಿನ ದೀಪವನ್ನು ನೋಡುತ್ತ, ಏರಿಳಿತವಿಲ್ಲದ ದನಿಯಲ್ಲಿ ಆ ಪದವನ್ನು ಹೇಳಿ ಕುಳಿತರು. ನಾಟಕಗೃಹದ ತುಂಬ ಚಪ್ಪಾಳೆ. ಕಾಕು ಸೆರಗು ಹೊದ್ದು ಎದ್ದರು. ಪರದೆಯ ಪಕ್ಕದಿಂದ ಅವರನ್ನು ಕಂಡು ನಾನು ಹೊರಗೆ ಬಂದೆ.

"ಆ ಮಾತು ಅವರಿಗೆ ಯಾರು ಕಲಿಸಿದ್ರು ಅಕ್ಕೋರ?"

"ಉಚ್ಚಾರ ನಾನು ತಿದ್ದಿದೆ, ಕಾಕು."

"ನೀವು ಕಲಿಸಿದ್ದಲ್ಲ ಬಿಡ್ರಿ. ಅವರಿಗೆ ಅದು ಮೊದಲಿಂದ ಬರ್ತದ."

ಅವರು ಮನೆಯ ಕಡೆಗೆ ನಡೆದರು. ಹಿಂದಿನಿಂದ ಚಪ್ಪಾಳೆ ಇನ್ನೂ ಕೇಳುತ್ತಿತ್ತು.

ಕೆಲವು ದಿನಗಳ ಮೇಲೆ, ಸೋಮವತಿ ಅಮಾವಾಸ್ಯೆಗೆ ಕಾಕು ಜೇಜುರಿಗೆ ಹೊರಟರು. ಗಂಡನನ್ನು ಕರೆದರು, ನನ್ನನ್ನೂ ಕರೆದರು. ಗಂಡ ಹೆಂಡಿರು ರೈಲಿನಲ್ಲಿ ಎದುರುಬದುರು ಕುಳಿತು, ಇಬ್ಬರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಮೆಟ್ಟಿಲುಗಳನ್ನು ಹತ್ತುವಾಗ ಸುಬೇದಾರರು ನಡುನಡುವೆ ನಿಂತು ಹೆಂಡತಿ ಬರಲೆಂದು ಕಾಯುತ್ತಿದ್ದರು. ಅವರು ಬಂದೊಡನೆ ಮತ್ತೆ ಹತ್ತುತ್ತಿದ್ದರು. ಮೇಲೆ ಅಂಗಳವೆಲ್ಲ ಹಳದಿ. ಗಾಳಿ ಹಳದಿ, ಕಲ್ಲು ಹಳದಿ, ಜನರ ಕಣ್ಣುರೆಪ್ಪೆಗಳೂ ಹಳದಿ. ದರ್ಶನವಾದ ಮೇಲೆ ಕಾಕು ಕಂಬದ ಮರೆಗೆ ಸರಿದು, ಅಂಗೈ ತುಂಬ ಭಂಡಾರವನ್ನು ಗಂಡನ ಮುಂದೆ ಚಾಚಿದರು. ಆ ಕಡೆಯವರಿಗೆ ಭಂಡಾರ ಮುಟ್ಟಿ ಆಡಿದ ಮಾತೆಂದರೆ ಅದರಾಚೆಗೆ ಬೇರೆ ಸಾಕ್ಷಿಯಿಲ್ಲ.

"ಯಾರು ಏನ ಹೇಳಿದ್ರು ಅಂತ ಕೇಳೂದಿಲ್ಲ. ಇದನ್ನ ಮುಟ್ಟಿ, ನಾ ಅವನ್ನ ಕೊಲ್ಲಿಸಲಿಲ್ಲ ಅಂತ ಅಂದ್ರ ಸಾಕು. ಮತ್ತ ಜಲಮದಾಗ ಕೇಳೂದಿಲ್ಲ."

ಸುಬೇದಾರರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕವಾಯತಿನಲ್ಲಿ ನಿಲ್ಲುವಂತೆ.

"ಅಲ್ಲಿನೂ ಆಣಿ ಮಾಡೀನಿ."

"ಅದು ಯಾವ ದೇವರ ಮುಂದ ಮಾಡೀರಿ? ಸಾಹೇಬರ ಪುಸ್ತಕದ ಮುಂದ. ಇಲ್ಲೆ ಖಂಡೋಬ ಅದಾನ."

"ಆಣಿ ಒಂದ ಇರ್ತದ. ಮುಂದ ಯಾವ ದೇವರು ಇದ್ರೂ."

ಕಾಕು ಬಹಳ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದರು. ಅಂಗೈಯಲ್ಲಿದ್ದುದು ಗಾಳಿಗೆ ತುಸುತುಸುವೇ ಹಾರಿ ಸುಬೇದಾರರ ಬಿಳಿಯ ಅಂಗಿಯ ಮೇಲೆ ಕೂಡುತ್ತಿತ್ತು. ಕೊನೆಗೆ ಅವರು ಉಳಿದದ್ದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಕೆಳಗಿಳಿದರು. ಇಳಿಯುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು: "ಮುಟ್ಟಲಿಲ್ಲ. ತಿಳೀತು. ದೀಪಾವಳಿಗೆ ಅಣ್ಣ ಕರಿಯಾಕ ಬರ್ತಾನ. ಹೋದ್ರ ಹೊಳ್ಳಿ ಬರಾಂಗಿಲ್ಲ."

ಮಾರನೆಯ ದಿನದಿಂದಲೇ ಪಾತ್ರೆಗಳನ್ನು ಬೇರೆ ಬೇರೆ ಮಾಡತೊಡಗಿದರು. ತವರಿನಿಂದ ಬಂದವು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಸುಬೇದಾರರು ಅದನ್ನು ನೋಡುತ್ತಿದ್ದರು. ಕಾಕು ಊಟ ಬಡಿಸುತ್ತಿದ್ದರು, ಅವರು ಉಣ್ಣುತ್ತಿದ್ದರು. ಮೇಲಿನ ಮನೆಯಲ್ಲಿದ್ದ ನನಗೆ ತಟ್ಟೆಯ ಸದ್ದಲ್ಲದೆ ಬೇರೇನೂ ಕೇಳುತ್ತಿರಲಿಲ್ಲ.

ನಾಟಕಕ್ಕೆ ಹೆಸರು ಬಂದಿತ್ತು. ನದಿಯಾಚೆಗಿನ ಸಣ್ಣ ಚಿತ್ರ ಕಂಪನಿಯೊಂದು ಅದನ್ನು ಕನ್ನಡದ ಮಾತಿನ ಚಿತ್ರವನ್ನಾಗಿ ಮಾಡಲು ಮುಂದೆ ಬಂದಿತು. ಅಧ್ಯಕ್ಷನ ಪಾತ್ರಕ್ಕೆ ಮಾತ್ರ ಕಂಪನಿಯ ಹೆಸರಾಂತ ನಟರೊಬ್ಬರು; ಉಳಿದವರೆಲ್ಲ ನಮ್ಮ ಮಂಡಳಿಯವರೇ. ಮರಾಠಿಯವರಾದ ದಿಗ್ದರ್ಶಕರಿಗೆ ಕನ್ನಡ ಬಾರದ ಕಾರಣ ಶಬ್ದಗಳ ಶುದ್ಧಿಯನ್ನು ನೋಡಿಕೊಳ್ಳಲು ನನ್ನನ್ನು ಕರೆದರು. ತಗಡಿನ ಮಾಡಿನ ದೊಡ್ಡ ಶೆಡ್ಡು. ಒಳಗೆ ಕಣ್ಣು ಸುಡುವ ದೀಪಗಳು. ಧ್ವನಿ ಹಿಡಿಯುವಾಗ ಬೀಸಣಿಗೆಯನ್ನೂ ನಿಲ್ಲಿಸಬೇಕು. ಹೊರಗೆ ಕಾಗೆ ಓಡಿಸಲೆಂದೇ ಒಬ್ಬನನ್ನು ನಿಲ್ಲಿಸಿದ್ದರು. ದಿನವೆಲ್ಲ ಕಾಯುವುದು, ಬೆವರುವುದು, ಬಣ್ಣ ಒರೆಸಿಕೊಳ್ಳುವುದು, ಮತ್ತೆ ಹಚ್ಚಿಕೊಳ್ಳುವುದು. ಪಡೆಯ ಮಾನವೆಂಬುದು ಅಷ್ಟು ಬೇಸರದ ವಸ್ತುವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ತೀರ್ಪಿನ ದೃಶ್ಯದ ದಿನ ಬಂದಿತು. ದೀಪಾವಳಿ ಹತ್ತಿರವಿತ್ತು. ಐವರೂ ಪೇಟ, ನಡುಪಟ್ಟಿಗಳಲ್ಲಿ ಮೇಜಿನ ಹಿಂದೆ ಕುಳಿತರು. ಯಂತ್ರ ತಿರುಗತೊಡಗಿತು. ಸುಬೇದಾರರು ಎದ್ದು ನಿಂತರು. ದೀಪದ ಕಡೆಗೆ ನೋಡಿದರು.

"ನಿರಪರಾಧಿ."

ಹೊಟ್ಟೆಯಿಂದ ಬಂದ ಮಾತು, ಅಕ್ಷರಲೋಪವಿಲ್ಲ. ದಿಗ್ದರ್ಶಕರಿಗೆ ಏನಾಯಿತೆಂದು ತಿಳಿಯಲಿಲ್ಲ. ನಾಟಕಕಾರರು ಅವರ ಕಿವಿಯಲ್ಲಿ ಹೇಳಿದರು. "ಹರಕತ ನಾಹೀ, ಸುಬೇದಾರಸಾಹೇಬ. ಪುನ್ಹಾ ಘೇಊ," ಎಂದು ದಿಗ್ದರ್ಶಕರು ಸಮಾಧಾನದಿಂದಲೇ ಇನ್ನೊಮ್ಮೆ ಹೇಳಿಸಲು ಅಣಿಮಾಡಿದರು. ಕಾಗೆ ಓಡಿಸುವವನಿಗೆ ಸನ್ನೆ ಹೋಯಿತು. ಯಂತ್ರ ತಿರುಗಿತು.

"ನಿರಪರಾಧಿ."

ಈ ಸಲ ಹೆಸರಾಂತ ನಟರು ಪೇಟವನ್ನು ಹಿಂದಕ್ಕೆ ಸರಿಸಿ, "ಕಿಲ್ಲೇದಾರ ಈ ಮುದುಕಪ್ಪಗ ಏನ ತಿನಿಸ್ಯಾನ ಕೇಳ್ರಿ ಸ್ವಲ್ಪ," ಎಂದರು. ಎಲ್ಲರೂ ನಕ್ಕರು. ಕಿಲ್ಲೇದಾರನ ಪಾತ್ರದವನೂ ನಕ್ಕನು. ನಾಟಕಕಾರರು ಮಾತ್ರ ಕೈ ಹಿಸುಕಿಕೊಳ್ಳುತ್ತ, "ಸುಬೇದಾರರ, ನೀವು ಹಂಗಂದ್ರ ಕಥಿ ಮುಂದ ಹೋಗೂದಿಲ್ರಿ. ಅವನಿಗೆ ಶಿಕ್ಷಾ ಆಗಬೇಕು," ಎಂದರು.

"ಉಳಿದವರು ನಾಲ್ಕು ಮಂದಿ ಅದಾರಲ್ಲ. ಶಿಕ್ಷಾ ಆಗತದ," ಎಂದರು ಸುಬೇದಾರರು.

ಮೂರನೆಯ ಸಲವೂ ಅವರು ಅದನ್ನೇ ಹೇಳಿದರು. ಆಗ ಯಾರೂ ನಗಲಿಲ್ಲ. ದಿಗ್ದರ್ಶಕರು ಕುರ್ಚಿಯಿಂದೆದ್ದು, ಇವರನ್ನು ಬಿಡಿಸಿರೆಂಬಂತೆ ನಾಟಕಕಾರರ ಕಡೆಗೆ ಕೈಯಾಡಿಸಿದರು. ಯಾರೂ ಹೇಳುವ ಮೊದಲೇ ಸುಬೇದಾರರು ಪೇಟವನ್ನು ತೆಗೆದು ಮೇಜಿನ ಮೇಲಿಟ್ಟರು. ನಡುಪಟ್ಟಿಯನ್ನು ಬಿಚ್ಚಿ, ಸುತ್ತಿ, ಅದರ ಪಕ್ಕದಲ್ಲಿಟ್ಟರು. ಬರಿತಲೆಯಲ್ಲಿ, ನೆಟ್ಟಗೆ, ಆ ಸುಡುವ ಬೆಳಕನ್ನು ದಾಟಿ ಹೊರಗೆ ನಡೆದರು. ಆರೋಪಿಯು ನ್ಯಾಯಸಭೆಗೆ ಹಾಗೆಯೇ ಬರಬೇಕೆಂದು ನಮಗೆ ಹೇಳಿಕೊಟ್ಟವರು ಅವರೇ.

ಹಿಂದಿರುಗುವಾಗ ಇಬ್ಬರೂ ಒಂದೇ ಟಾಂಗಾದಲ್ಲಿ ಕುಳಿತಿದ್ದೆವು. ಲಕಡಿ ಪೂಲೆಂಬ ಸೇತುವೆಯನ್ನು ದಾಟಿದ ಮೇಲೆ ಅವರು ಕೇಳಿದರು:

"ಅಕ್ಕೋರ, ನೀವು ಕಲಿತವರು. ನಾಟಕದಾಗ ಆಡಿದ ಮಾತು ಆಡಿದಂಗ ಆಗತದೇನ್ರಿ?"

ನಾನು ಯೋಚಿಸಿ ಹೇಳಿದೆ: "ಇಲ್ರಿ. ಅದು ಪಾತ್ರದ ಮಾತು. ಆಡಿದವರದಲ್ಲ."

"ಹಂಗಾರ ನಾ ಯಾರ ಮುಂದೂ ಏನೂ ಹೇಳಿಲ್ಲ."

"ಹೇಳಿಲ್ಲ."

"ಆಣಿ ಅದ."

"ಅದ ಸುಬೇದಾರರ."

ಅವರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕುದುರೆಯ ಬೆನ್ನನ್ನು ನೋಡುತ್ತಿದ್ದರು. ಮುಖಕ್ಕೆ ಹಚ್ಚಿದ್ದ ಬಣ್ಣ ಬೆವರಿಗೆ ಇಳಿದು ಕೊರಳಪಟ್ಟಿಯನ್ನು ಮುಟ್ಟಿತ್ತು. ಅಷ್ಟು ದಣಿದ ಮುಖವನ್ನು ನಾನು ಮತ್ತೆ ಕಂಡದ್ದಿಲ್ಲ. ಕಾಕುವಿಗೆ ಹೇಳಿರೆಂದು ಅವರು ನನ್ನನ್ನು ಕೇಳಲಿಲ್ಲ, ಹೇಳಬೇಡಿರೆಂದೂ ಅನ್ನಲಿಲ್ಲ.

ನಾನು ಹೇಳಿದೆ. ಸಂಜೆ ಕಾಕು ಹಿತ್ತಲಿನಲ್ಲಿ ತವರಿನ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚುತ್ತಿದ್ದಾಗ, ಶೆಡ್ಡಿನಲ್ಲಿ ನಡೆದುದನ್ನು ನಡೆದ ಕ್ರಮದಲ್ಲಿಯೇ, ಕೂಡಿಸದೆ ಕಳೆಯದೆ ಹೇಳಿದೆ. ಟಾಂಗಾದ ಮಾತನ್ನೂ ಹೇಳಿದೆ. ಅವರ ಕೈ ತಂಬಿಗೆಯ ಕೊರಳಿನ ಮೇಲೆ ಸುತ್ತುತ್ತಲೇ ಇತ್ತು. ತಂಬಿಗೆ ಆಗಲೇ ಹೊಳೆಯುತ್ತಿತ್ತು. ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಮೂರೂ ಸಲ ಅದನ್ನ ಹೇಳಿದ್ರೇನು?"

"ಮೂರೂ ಸಲ."

"ಅಲ್ಲೆ ಹಂಗ ಹೇಳಿದ್ದಕ್ಕ ಇಲ್ಲೆ ಹಂಗ ಹೇಳಿದ್ರೋ... ಹಂಗ ಹೇಳಬೇಕಾಗಿತ್ತು ಅಂತ ಈಗ ಅನಿಸಿ ಹೇಳಿದ್ರೋ... ನನಗ ತಿಳೀವಲ್ದು ಅಕ್ಕೋರ."

"ನನಗೂ ತಿಳಿಯದು, ಕಾಕು."

ಅವರು ತಂಬಿಗೆಯನ್ನು ತೊಳೆದು ಬೋರಲು ಹಾಕಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದರು: "ಎರಡರಾಗ ಯಾವುದಿದ್ರೂ, ಅಂಥಾ ಮನಿಷ್ಯಾನ್ನ ಒಬ್ಬನ್ನ ಬಿಟ್ಟು ಹೋಗಾಕ ಆಗೂದಿಲ್ಲ."

ದೀಪಾವಳಿಗೆ ಅಣ್ಣ ಬಂದರು, ಫರಾಳದ ತಿಂಡಿಗಳನ್ನು ತಿಂದರು, ಒಂಟಿಯಾಗಿಯೇ ಮರಳಿದರು. ಪಾತ್ರೆಗಳೆಲ್ಲ ಮತ್ತೆ ಒಂದೇ ಗೂಡಿಗೆ ಸೇರಿದವು. ಗಂಡ ಹೆಂಡಿರ ನಡುವೆ ಆ ಕುರಿತು ಏನಾದರೂ ಮಾತಾಯಿತೆಂದು ನನಗನ್ನಿಸುವುದಿಲ್ಲ. ಬೆಳಿಗ್ಗೆ ಕೊಂಡಿ ತಿಕ್ಕುವಾಗ ಕಾಕು ಬೂದಿಯ ಬಟ್ಟಲನ್ನು ತಂದು ಗಂಡನ ಪಕ್ಕದಲ್ಲಿಡುತ್ತಿದ್ದರು. ಅದು ಮೊದಲು ಇದ್ದ ರೂಢಿಯಲ್ಲ.

ಚಿತ್ರ ಪುಣೆಗೆ ಬಂದಾಗ ಕಾಕು ನನ್ನೊಡನೆ ಮಧ್ಯಾಹ್ನದ ಆಟಕ್ಕೆ ಬಂದರು. ಸುಬೇದಾರರು ಶೆಡ್ಡಿನಿಂದ ಎದ್ದುಹೋದ ಮೇಲೆ ದಿಗ್ದರ್ಶಕರು ಆ ದೃಶ್ಯವನ್ನು ತಮಗೆ ಸುಲಭವಾಗುವಂತೆ ಬದಲಿಸಿದ್ದರು. ಹೆಸರಾಂತ ನಟರಿಗೆ ಮೊದಲ ಮಾತು ಸಲ್ಲಬೇಕಲ್ಲವೇ? ಅಧ್ಯಕ್ಷನೇ ಎದ್ದು ಗರ್ಜಿಸಿ ಅಪರಾಧಿಯೆಂದನು. ಉಳಿದವರು ಸಾಲಾಗಿ ದನಿಗೂಡಿಸಿದರು. ಹಿಂದಿನ ದಿನ ತೆಗೆದಿದ್ದ ದೂರದ ನೋಟವೊಂದನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದರು. ಅದರಲ್ಲಿ ಮೇಜಿನ ತುದಿಯಲ್ಲಿ ಸುಬೇದಾರರು ಕಾಣುತ್ತಿದ್ದರು, ಬಾಯಿ ಮುಚ್ಚಿಕೊಂಡು, ದೀಪವನ್ನು ನೋಡುತ್ತ.

ಕತ್ತಲೆಯಲ್ಲಿ ಕಾಕು ನನ್ನ ಕೈಯನ್ನು ಹಿಡಿದರು. "ಮೊದಲ ಹಿಂಗ ತಿಳಕೊಂಡಿದ್ದೆ ನೋಡ್ರಿ. ದೊಡ್ಡವರು ಮೊದಲ ಹೇಳತಾರ, ಇವರು ಸುಮ್ಮನ ಕೂತಿರ್ತಾರ ಅಂತ," ಎಂದರು. ಪರದೆಯಿಂದ ಕಣ್ಣು ತೆಗೆಯದೆ, "ಹಿಂಗ ಇದ್ದಿದ್ರ ಚೊಲೋ ಇತ್ತು," ಎಂದರು.

ಚಿತ್ರ ಹೆಚ್ಚು ದಿನ ನಡೆಯಲಿಲ್ಲ. ಕಂಪನಿಯೂ ಉಳಿಯಲಿಲ್ಲ. ಆ ಸುರುಳಿಗಳು ಎಲ್ಲಿ ಹೋದವೋ...

ಎರಡನೆಯ ಯುದ್ಧ ನಡೆದಿದ್ದಾಗ, ಒಂದು ಚಳಿಗಾಲದ ಮುಂಜಾನೆ ಸುಬೇದಾರರು ತೀರಿಕೊಂಡರು. ಮೆಟ್ಟಿಲ ಮೇಲೆಯೇ, ಕೊಂಡಿಯನ್ನು ಕೈಯಲ್ಲಿ ಹಿಡಿದು. ಬೀದಿಯಲ್ಲಿ ಹೊಸ ಸಿಪಾಯಿಗಳನ್ನು ತುಂಬಿಕೊಂಡ ಲಾರಿಗಳು ಸ್ಟೇಷನ್ನಿನ ಕಡೆಗೆ ಹೋಗುತ್ತಿದ್ದವು. ದೇಹವನ್ನು ಹೊರಡಿಸುವ ಮುನ್ನ ಕಾಕು ಒಳಗೆ ಹೋಗಿ, ಹಳೆಯ ಸೀರೆಯ ಸೆರಗಿನ ತುಂಡೊಂದನ್ನು ತಂದು ಗಂಟು ಬಿಚ್ಚಿದರು. ಜೇಜುರಿಯಲ್ಲಿ ಕಟ್ಟಿಕೊಂಡಿದ್ದ ಅದೇ ಭಂಡಾರ. ಬಣ್ಣ ಮಾಸಿ ಮಣ್ಣಿನಂತಾಗಿತ್ತು. ಗಂಡನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ಅದನ್ನಿಟ್ಟು, ಮತ್ತೆ ಮಡಚಿದರು.

"ಮುಟ್ಟಿಸೀನಿ," ಎಂದರು, ಅವರ ಕಿವಿಯ ಹತ್ತಿರ ಬಾಗಿ. "ಈಗ ಹೇಳೂದು ಬ್ಯಾಡ."

ಆಮೇಲೆ ಕಾಕು ಊರಿಗೆ ಹೋದರು. ವರ್ಷಕ್ಕೊಮ್ಮೆ ಜೇಜುರಿಗೆ ಬಂದಾಗ ಪುಣೆಯಲ್ಲಿಳಿದು, ನನಗೆ ಭಂಡಾರವನ್ನು ಕೊಟ್ಟು ಹೋಗುತ್ತಿದ್ದರು. ಸುಬೇದಾರರ ಹೆಸರನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಈಚೆಗೆ, ಯುದ್ಧ ಮುಗಿದ ಮೇಲೆ, ಸರಕಾರಕ್ಕೆ ತಿರುಗಿಬಿದ್ದ ಸೈನಿಕರ ವಿಚಾರಣೆಯ ಸುದ್ದಿ ಪತ್ರಿಕೆಗಳ ತುಂಬ ಇತ್ತು. ಪೇಟೆಯ ಪ್ರತಿಯೊಂದು ಚಹಾದಂಗಡಿಯಲ್ಲಿಯೂ ನ್ಯಾಯ, ಮಾನಗಳ ಚರ್ಚೆ. ಮುಚ್ಚಿದ ಬಾಗಿಲಿನ ಒಳಗೆ ಯಾರು ಮೊದಲು ಬಾಯಿ ತೆರೆಯಬೇಕಾಗುತ್ತದೆಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಹೇಳುವ ಉತ್ಸಾಹ ನನಗಿರಲಿಲ್ಲ.

ನಿನ್ನೆ ಬಂದ ಗೃಹಸ್ಥರು ಕಾಕುವಿನ ಅಣ್ಣನ ಮಗ. ಅವರಾಡಿದ ಎರಡು ಮಾತುಗಳಿಗೆ ಈಗ ಸ್ಥಾನ ಬಂದಿದೆ. "ಅತ್ತಿ ಶ್ರಾವಣದಾಗ ಹೋದ್ಲ್ರಿ," ಎಂದರು. "ಪುಣೇದ ಅಕ್ಕೋರಿಗೆ ಭಂಡಾರ ಮುಟ್ಟಿಸೂದು ತಪ್ಪಸಬ್ಯಾಡ್ರಿ ಅಂತ ಹೇಳಿ ಹೋಗ್ಯಾಳ."

ಇನ್ನು ಆ ಮಾತನ್ನು ಕೇಳುವವರಿಲ್ಲ. ಹೇಳದೆ ಇರುವವರೂ ಇಲ್ಲ. ಪೊಟ್ಟಣವನ್ನು ದೇವರ ಗೂಡಿನಲ್ಲಿಟ್ಟಿದ್ದೇನೆ. ಹೆಬ್ಬೆರಳಿನ ಹಳದಿ ಈ ಹೊತ್ತಿಗೂ ಹೋಗಿಲ್ಲ; ಬರೆಯುತ್ತಿರುವ ಈ ಹಾಳೆಯ ಅಂಚಿಗೆ ಅಲ್ಲಲ್ಲಿ ಹತ್ತಿದೆ. ಎಂದಿನಂತಾಗಿದ್ದರೆ ಇದನ್ನು ಹರಿದು, ಬೇರೆ ಹಾಳೆಯಲ್ಲಿ ಶುದ್ಧಪ್ರತಿ ಮಾಡುತ್ತಿದ್ದೆ. ಇದನ್ನು ಹೀಗೆಯೇ ಬಿಡುತ್ತೇನೆ.